ಒಳಕಿವಿಯ ಮಾತು ಎಷ್ಟು ನಿಜ?

1978ರ ಜನವರಿ 1ರ ರಾತ್ರಿ ಆಗಿನ ಬೊಂಬಾಯಿಯಿಂದ ದುಬೈಗೆ ಹೊರಟ ಏರ್ ಇಂಡಿಯಾದ ಬೋಯಿಂಗ್ 747 ವಿಮಾನ, ಎರಡು ನಿಮಿಷ ತುಂಬುವ ಮೊದಲೇ ಬಾಂದ್ರಾದ ಆಚೆ ಅರಬ್ಬಿ ಸಮುದ್ರಕ್ಕೆ ಬಿತ್ತು. ಅದರಲ್ಲಿದ್ದ 213 ಮಂದಿಯೂ ಅಸುನೀಗಿದರು. ಕ್ಯಾಪ್ಟನ್ ಎದುರಿಗಿದ್ದ, ವಿಮಾನದ ವಾಲುವಿಕೆಯನ್ನು ತೋರಿಸುವ ಉಪಕರಣ ಕೆಟ್ಟಿತ್ತು. ನೇರವಾಗಿದ್ದ ವಿಮಾನ ಬಲಕ್ಕೆ ವಾಲಿದೆಯೆಂದು ಅದು ತೋರಿಸುತ್ತಿದ್ದುದರಿಂದ ಅವರು ಎಡಕ್ಕೆ ವಾಲಿಸುತ್ತಲೇ ಹೋದರು. ಬಾನಿಗೂ ಕಡಲಿಗೂ ಒಂದೇ ಕತ್ತಲೆ, ದಿಗಂತವೆಂಬುದೇ ಕಾಣುತ್ತಿರಲಿಲ್ಲ.

ಕಣ್ಣಿಗೆ ಕಾಣದಿದ್ದರೇನು, ಅಷ್ಟು ದೊಡ್ಡ ವಿಮಾನ ಮಗುಚುವುದು ಮೈಗಾದರೂ ತಿಳಿಯಬೇಡವೇ? ಈ ಪ್ರಶ್ನೆ ನನ್ನನ್ನು ಬಹುಕಾಲ ಕಾಡಿದೆ.

ನಮ್ಮ ಪ್ರತಿ ಒಳಕಿವಿಯಲ್ಲೂ ಮೂರು ಅರೆವೃತ್ತಾಕಾರದ ನಾಳಗಳಿವೆ. ಕೋಣೆಯ ಮೂಲೆಯಲ್ಲಿ ಎರಡು ಗೋಡೆಗಳೂ ನೆಲವೂ ಕೂಡುವಂತೆ, ಅವು ಒಂದಕ್ಕೊಂದು ಹೆಚ್ಚುಕಡಿಮೆ ಲಂಬವಾಗಿವೆ. ತಲೆ ತಿರುಗಿದೊಡನೆ ನಾಳವೂ ತಿರುಗುತ್ತದೆ. ಒಳಗಿನ ದ್ರವ ಮಾತ್ರ ಜಡತ್ವದಿಂದ ಹಿಂದುಳಿದು, ಅಡ್ಡಲಾಗಿರುವ ಲೋಳೆಯಂಥ ಪರದೆಯನ್ನು ಬಾಗಿಸುತ್ತದೆ. ಆ ಬಾಗುವಿಕೆಯೇ ಮಿದುಳಿಗೆ ತಲುಪುವ ಸುದ್ದಿ. ಆದರೆ ಒಂದೇ ವೇಗದಲ್ಲಿ ತಿರುಗುತ್ತಲೇ ಇದ್ದರೆ ದ್ರವವೂ ಅದೇ ವೇಗಕ್ಕೆ ಬರುತ್ತದೆ, ಪರದೆ ಮೊದಲಿನಂತಾಗುತ್ತದೆ, ಅರ್ಧ ನಿಮಿಷದೊಳಗೆ ತಿರುಗುತ್ತಿರುವ ಅರಿವು ಅಳಿಯತೊಡಗುತ್ತದೆ. ತೀರಾ ನಿಧಾನವಾಗಿ ಮೊದಲಾದ ತಿರುವಂತೂ ಗೊತ್ತೇ ಆಗದು. ಕಿವಿ ಅರಿಯುವುದು ವೇಗದ ಬದಲಾವಣೆಯನ್ನು ಮಾತ್ರ. ಗಿರಗಿರನೆ ಸುತ್ತಿ ತಟ್ಟನೆ ನಿಂತ ಮಗುವಿಗೆ ಅಂಗಳವೇ ಸುತ್ತುವುದೂ ಇದರಿಂದಲೇ. ಮಗು ನಿಂತಿದೆ, ದ್ರವ ನಿಂತಿಲ್ಲ. ಪೈಲಟ್‌ಗಳಿಗೆ ಮೈಯ ಮಾತನ್ನು ನಂಬದೆ ಉಪಕರಣಗಳನ್ನು ಒಂದರೊಡನೊಂದು ತಾಳೆನೋಡಲು ಕಲಿಸುವುದು ಈ ಕಾರಣಕ್ಕೆ.

ನೆಲದ ಮೇಲಿರುವ ನಮಗೆ ಇದರ ವಿರುದ್ಧದ ತೊಂದರೆ. ಗುರುತ್ವವನ್ನು ಅರಿಯಲೆಂದು ಅದೇ ಕಿವಿಯಲ್ಲಿ ಸುಣ್ಣದ ಸೂಕ್ಷ್ಮ ಹರಳುಗಳಿವೆ. ವಯಸ್ಸಾದಂತೆ ಅವುಗಳಲ್ಲಿ ಕೆಲವು ಕಳಚಿ ನಾಳಕ್ಕೆ ಜಾರುವುದುಂಟು. ಆಗ ಹಾಸಿಗೆಯಲ್ಲಿ ಮಗ್ಗುಲಾದರೆ ಸಾಕು, ದ್ರವ ಕದಡಿ, ಮಲಗಿದವರ ಸುತ್ತ ಕೋಣೆಯೇ ತಿರುಗುತ್ತದೆ. ಇದನ್ನು ಪಿತ್ತವೆಂದೋ ಬಿ.ಪಿ. ಎಂದೋ ನಿಶ್ಶಕ್ತಿಯೆಂದೋ ಬಗೆದು ಹಿರಿಯರಿಗೆ ತಿಂಗಳುಗಟ್ಟಲೆ ಮಾತ್ರೆ ನುಂಗಿಸುವುದನ್ನು ನಾನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ. ಅಷ್ಟರಲ್ಲಿ ಬಚ್ಚಲಲ್ಲಿ ಬಿದ್ದು ಸೊಂಟ ಮುರಿದುಕೊಂಡವರೂ ಇದ್ದಾರೆ. ಅಮೆರಿಕದ ವೈದ್ಯ ಜಾನ್ ಎಪ್ಲಿ ರೂಪಿಸಿದ ವಿಧಾನದಲ್ಲಿ ತಲೆಯನ್ನು ಹಂತಹಂತವಾಗಿ ಹೊರಳಿಸಿ ಹರಳುಗಳನ್ನು ನಾಳದಿಂದಾಚೆಗೆ ಜಾರಿಸುತ್ತಾರೆ. ಕೆಲವೇ ನಿಮಿಷಗಳ ಕೆಲಸ. ಬಹುಪಾಲು ಮಂದಿಗೆ ಒಂದೆರಡು ಸಲಕ್ಕೇ ಗುಣ ಕಾಣುತ್ತದೆ. ರೋಗವನ್ನು ಗುರುತಿಸುವುದಕ್ಕೂ ದುಬಾರಿ ಸ್ಕ್ಯಾನ್ ಸಾಮಾನ್ಯವಾಗಿ ಬೇಕಿಲ್ಲ. ರೋಗಿಯ ತಲೆಯನ್ನು ಓರೆಯಾಗಿಸಿ ಮಲಗಿಸಿ ಕಣ್ಣುಗುಡ್ಡೆಗಳ ಅದುರಾಟವನ್ನು ಗಮನಿಸಿದರೆ ಬಲ್ಲ ವೈದ್ಯರಿಗೆ ತಿಳಿಯುತ್ತದೆ. ತಲೆಸುತ್ತಿನ ಜೊತೆಗೆ ಮಾತು ತೊದಲಿದರೆ, ಕೈಕಾಲು ಸೋತರೆ ಸಂಗತಿ ಬೇರೆ. ಆಗ ತಡಮಾಡದೆ ಆಸ್ಪತ್ರೆಗೆ ಧಾವಿಸಬೇಕು.