ಮನೆಯಲ್ಲಿ ಕಾಳಿನ ಬರ್ಗರ್ ತಯಾರಿಸುವ ಕ್ರಮ

ದ್ವಿದಳ ಧಾನ್ಯಗಳು ಭೂಮಿಗೂ ಮನುಷ್ಯನಿಗೂ ಸಮಾನವಾಗಿ ಉಪಕಾರಿಗಳೆಂಬುದು ಬೇಸಾಯಗಾರರೆಲ್ಲರಿಗೂ ತಿಳಿದ ವಿಷಯವೇ ಸರಿ. ರಾಗಿಯ ಸಾಲುಗಳ ನಡುವೆ ಅವರೆ, ತೊಗರಿ, ಅಲಸಂದೆಗಳನ್ನು ಅಕ್ಕಡಿಯಾಗಿ ಹಾಕುವ ವಾಡಿಕೆ ಹಳೆಯ ಮೈಸೂರು ಸೀಮೆಯಲ್ಲಿ ತಲೆತಲಾಂತರದಿಂದ ಬಂದಿದೆ. ಈ ಗಿಡಗಳ ಬೇರಿನ ಗಂಟುಗಳಲ್ಲಿ ವಾಸಿಸುವ ಸೂಕ್ಷ್ಮಜೀವಿಗಳು ಗಾಳಿಯಲ್ಲಿರುವ ಸಾರಜನಕವನ್ನು ಹಿಡಿದು ಗಿಡಕ್ಕೆ ಒದಗಿಸುತ್ತವೆ; ಅದೇ ಸಾರಜನಕವು ಕಾಳಿನಲ್ಲಿ ಸಸಾರಜನಕವಾಗಿ ಶೇಖರವಾಗುತ್ತದೆ. ಹೀಗೆ ಹೊಲದಲ್ಲಿ ಹುಟ್ಟಿದ ಈ ಪುಷ್ಟಿಯು ಬೆಳೆದವನ ಮನೆಯ ಮಕ್ಕಳ ತಟ್ಟೆಯನ್ನು ಸೇರುತ್ತಿದೆಯೇ ಎಂಬುದೇ ಈ ಲೇಖನದಲ್ಲಿ ವಿಚಾರಿಸಬೇಕಾದ ವಿಷಯವಾಗಿದೆ.

ಅನೇಕ ಮನೆಗಳಲ್ಲಿ ಒಳ್ಳೆಯ ಕಾಳೆಲ್ಲವೂ ಸಂತೆಗೆ ಹೋಗುತ್ತದೆ. ಉಳಿದದ್ದು ಸಾರಿಗೆ ಬೀಳುತ್ತದೆ. ಮಕ್ಕಳು ಸಾರಿನ ನೀರನ್ನು ಮುದ್ದೆಗೆ ಕಲಸಿಕೊಂಡು, ಕಾಳನ್ನು ತಟ್ಟೆಯ ಅಂಚಿಗೆ ಸರಿಸಿಡುತ್ತಾರೆ. ಅದೇ ಮಕ್ಕಳು ಪೇಟೆಗೆ ಹೋದಾಗ ಬರ್ಗರ್ ಎಂಬ ತಿಂಡಿಯನ್ನು ಹಣಕೊಟ್ಟು ಆಸೆಯಿಂದ ತಿನ್ನುತ್ತಾರೆ. ಹೀಗಿರುವಲ್ಲಿ, ಅವರು ಒಲ್ಲದ ಕಾಳನ್ನೇ ಅವರು ಒಲಿಯುವ ರೂಪದಲ್ಲಿ ಮನೆಯಲ್ಲಿಯೇ ಮಾಡಿಕೊಡುವುದು ಜಾಣತನವಲ್ಲವೇ?

ಬರ್ಗರ್ ಎಂದರೇನು

ಈ ಹೆಸರು ಜರ್ಮನಿ ದೇಶದ ಹ್ಯಾಂಬರ್ಗ್ ಪಟ್ಟಣದಿಂದ ಬಂದುದು. ಮೂಲದಲ್ಲಿ ಇದು ಕೊಚ್ಚಿದ ಮಾಂಸವನ್ನು ಬಿಲ್ಲೆಯಾಗಿ ತಟ್ಟಿ, ಸುಟ್ಟು, ಎರಡಾಗಿ ಸೀಳಿದ ಬನ್ನಿನ ನಡುವೆ ಇಟ್ಟು ತಿನ್ನುವ ಆಹಾರ. ಮಾಂಸಕ್ಕೆ ಬದಲಾಗಿ ಕಾಳು, ತರಕಾರಿ ಮತ್ತು ಹಿಟ್ಟುಗಳಿಂದ ಬಿಲ್ಲೆ ಮಾಡುವ ಪದ್ಧತಿಯು ಅನಂತರ ಬೆಳೆಯಿತು. 1982ರಲ್ಲಿ ಲಂಡನ್ನಿನ ಗ್ರೆಗರಿ ಸ್ಯಾಮ್ಸ್ ಎಂಬವರು ಶಾಕಾಹಾರದ ಬರ್ಗರಿನ ಒಣ ಮಿಶ್ರಣವನ್ನು ಮಾರಾಟಕ್ಕೆ ತಂದರು. ನಮ್ಮವರಿಗೆ ಇದು ತೀರ ಹೊಸದೇನೂ ಅಲ್ಲ. ಅಂಬೊಡೆ ಮತ್ತು ನುಚ್ಚಿನುಂಡೆಗಳನ್ನು ಬಲ್ಲ ಗೃಹಿಣಿಗೆ ಕಾಳಿನ ಬಿಲ್ಲೆಯು ಅವುಗಳ ನಂಟನಂತೆಯೇ ತೋರುವುದು. ಭೇದವಿಷ್ಟೆ: ಅಂಬೊಡೆಗೆ ನೆನೆದ ಬೇಳೆಯನ್ನು ಹಸಿಯಾಗಿ ರುಬ್ಬಿ ಎಣ್ಣೆಯಲ್ಲಿ ಕರಿಯುತ್ತೇವೆ, ಇದಕ್ಕೆ ಇಡೀ ಕಾಳನ್ನು ಬೇಯಿಸಿ, ಮಸೆದು, ಕಾವಲಿಯ ಮೇಲೆ ಸ್ವಲ್ಪವೇ ಎಣ್ಣೆಯಲ್ಲಿ ಬೇಯಿಸುತ್ತೇವೆ.

ಕಾಳಿನ ಗುಣ

ಒಣಗಿದ ಅಲಸಂದೆ, ಅವರೆ, ಹುರುಳಿ, ರಾಜ್ಮಾ ಮೊದಲಾದ ಕಾಳುಗಳಲ್ಲಿ 100 ಗ್ರಾಂಗೆ ಸುಮಾರು 20ರಿಂದ 25 ಗ್ರಾಂ ಸಸಾರಜನಕವುಂಟು. ಅಕ್ಕಿ ಮತ್ತು ರಾಗಿಯಲ್ಲಾದರೋ ಇದು ಸುಮಾರು 7 ಗ್ರಾಂ ಮಾತ್ರ. ಇದಲ್ಲದೆ, ಧಾನ್ಯಗಳ ಸಸಾರಜನಕದಲ್ಲಿ ಲೈಸಿನ್ ಎಂಬ ಅಂಶವು ಕಡಮೆ. ಕಾಳುಗಳಲ್ಲಿ ಅದು ಯಥೇಷ್ಟವಾಗಿದ್ದು, ಮೆಥಿಯೊನಿನ್ ಎಂಬ ಇನ್ನೊಂದು ಅಂಶವು ಕಡಮೆ. ಎರಡನ್ನೂ ಕೂಡಿಸಿ ಉಂಡಲ್ಲಿ ಒಂದರ ಕೊರತೆಯನ್ನು ಇನ್ನೊಂದು ತುಂಬುವುದು. ಮುದ್ದೆಗೆ ಕಾಳಿನ ಸಾರು, ಅನ್ನಕ್ಕೆ ಬೇಳೆಯ ಹುಳಿ ಎಂಬ ಹಿರಿಯರ ಜೋಡಣೆಯಲ್ಲಿ ಅಡಗಿರುವ ತತ್ತ್ವವೇ ಗೋಧಿಯ ಬನ್ನು ಮತ್ತು ಕಾಳಿನ ಬಿಲ್ಲೆಯ ಜೋಡಣೆಯಲ್ಲಿಯೂ ಇದೆ.

ಕಾಳನ್ನು ಆರಿಸುವುದು

ಮೊದಲ ಸಾರಿ ಮಾಡುವವರಿಗೆ ಅಲಸಂದೆಯೇ ಅನುಕೂಲ. ಅದು ಬೇಗ ಬೇಯುತ್ತದೆ, ಹಿಟ್ಟುಹಿಟ್ಟಾಗಿ ಚೆನ್ನಾಗಿ ಅಂಟಿಕೊಳ್ಳುತ್ತದೆ. ಅವರೆಯನ್ನು ಉಪಯೋಗಿಸುವುದಾದರೆ ನೆನೆಸಿ, ಹಿದುಕಿ, ಸಿಪ್ಪೆ ತೆಗೆದು ಬೇಯಿಸುವುದು ಮೇಲು. ಹುರುಳಿಯ ಸಿಪ್ಪೆ ಗಡುಸಾದುದರಿಂದ ಅದನ್ನು ಅಲಸಂದೆಯೊಡನೆ ಅರ್ಧಕ್ಕರ್ಧ ಬೆರೆಸಬಹುದು. ಆದರೆ ಎರಡನ್ನೂ ಬೇರೆಬೇರೆಯಾಗಿ ಬೇಯಿಸತಕ್ಕದ್ದು.

ಇಲ್ಲಿ ಒಂದು ಎಚ್ಚರಿಕೆಯನ್ನು ವಿಶೇಷವಾಗಿ ಹೇಳಬೇಕಾಗಿದೆ. ಬಿತ್ತನೆಗಾಗಿ ಇಟ್ಟ ಬೀಜಕ್ಕೆ ಕೀಟನಾಶಕ ಅಥವಾ ಶಿಲೀಂಧ್ರನಾಶಕವನ್ನು ಲೇಪಿಸಿರುವುದುಂಟು. ಇಂಥ ಬೀಜಕ್ಕೆ ಅನೇಕ ವೇಳೆ ಬಣ್ಣವನ್ನೂ ಹಾಕಿರುತ್ತಾರೆ. ಬಿತ್ತಿ ಉಳಿದುದನ್ನು ತೊಳೆದು ಅಡಿಗೆಗೆ ಬಳಸೋಣವೆಂಬ ಯೋಚನೆಯನ್ನು ಯಾರೂ ಮಾಡಕೂಡದು. ತೊಳೆದ ಮಾತ್ರಕ್ಕೆ ವಿಷವು ಹೋಗುವುದಿಲ್ಲ. ಬಿತ್ತನೆಯ ಬೀಜ ಮತ್ತು ಊಟದ ಕಾಳುಗಳನ್ನು ಬೇರೆಬೇರೆ ಕೋಣೆಯಲ್ಲಿ, ಹೆಸರು ಬರೆದು ಇಡುವುದು ಮನೆಯ ಯಜಮಾನನ ಹೊಣೆ. ಬೂಸ್ಟು ಹಿಡಿದ ಕಾಳೂ ಹುಳು ಕೊರೆದ ಕಾಳೂ ಈ ಕೆಲಸಕ್ಕೆ ಸಲ್ಲವು.

ನೆನೆಸುವುದು ಮತ್ತು ಬೇಯಿಸುವುದು

ಅಲಸಂದೆಯನ್ನು 6 ಗಂಟೆ, ಹುರುಳಿ ಮತ್ತು ರಾಜ್ಮಾಗಳನ್ನು ಇಡೀ ರಾತ್ರಿ, ಕಾಳಿನ ಮೂರರಷ್ಟು ನೀರಿನಲ್ಲಿ ನೆನೆಸಬೇಕು. ನೆನೆಸಿದ ನೀರನ್ನು ಚೆಲ್ಲಿ, ಕಾಳನ್ನು ತೊಳೆದು, ಹೊಸ ನೀರಿನಲ್ಲಿ ಬೇಯಿಸಬೇಕು. ಹೊಟ್ಟೆಯುಬ್ಬರಕ್ಕೆ ಕಾರಣವಾದ ಕೆಲವು ಸಕ್ಕರೆಯ ಅಂಶಗಳು ನೆನೆಸಿದ ನೀರಿನೊಡನೆ ಸ್ವಲ್ಪಮಟ್ಟಿಗೆ ಹೊರಟುಹೋಗುತ್ತವೆ.

ರಾಜ್ಮಾ ವಿಷಯದಲ್ಲಿ ಈ ನಿಯಮವನ್ನು ಮೀರತಕ್ಕದ್ದೇ ಅಲ್ಲ. ಹಸಿಯಾದ ಅಥವಾ ಅರೆಬೆಂದ ರಾಜ್ಮಾ ಕಾಳಿನಲ್ಲಿ ಲೆಕ್ಟಿನ್ ವರ್ಗದ ಒಂದು ವಿಷಪದಾರ್ಥವಿದ್ದು, ನಾಲ್ಕೈದು ಕಾಳು ತಿಂದರೂ ಕೆಲವು ಗಂಟೆಗಳೊಳಗೆ ವಾಕರಿಕೆ, ವಾಂತಿ, ಭೇದಿಗಳು ಉಂಟಾಗಬಹುದು. ಕುದಿಯದೆ ಬರಿಯ ಬಿಸಿಯಲ್ಲಿಯೇ ಇಟ್ಟರೆ ಇದು ನಾಶವಾಗದು. ಆದಕಾರಣ ನೀರು ಕೊತಕೊತನೆ ಕುದಿಯಲು ತೊಡಗಿದ ಮೇಲೆ 30 ನಿಮಿಷಗಳಾದರೂ ಹಾಗೆಯೇ ಕುದಿಸಿ, ಅನಂತರ ಮೆತ್ತಗಾಗುವವರೆಗೆ ಬೇಯಿಸಬೇಕು; ಇಲ್ಲವೇ ಕುಕ್ಕರಿನಲ್ಲಿ ಪೂರ್ತಿಯಾಗಿ ಬೇಯಿಸಬೇಕು. ನಮ್ಮ ತೋಟಗಳಲ್ಲಿ ತರಕಾರಿಗಾಗಿ ಬೆಳೆಯುವ ಹುರುಳಿಕಾಯಿ, ಅಂದರೆ ಬೀನ್ಸ್, ರಾಜ್ಮಾದ ಜಾತಿಗೇ ಸೇರಿದುದು. ಬೆಲೆ ಬಿದ್ದಾಗ ಕೀಳದೆ ಬಿಟ್ಟು ಬಲಿತುಹೋದ ಬೀನ್ಸ್ ಕಾಯಿಯ ಕಾಳನ್ನು ವ್ಯರ್ಥಮಾಡದೆ ಬರ್ಗರಿಗೆ ಬಳಸಬಹುದು. ಆದರೆ ಇದೇ ಎಚ್ಚರಿಕೆಯು ಅದಕ್ಕೂ ಅನ್ವಯಿಸುತ್ತದೆ.

ಕೊಳವೆಬಾವಿಯ ಗಡಸುನೀರಿನಲ್ಲಿ ಕಾಳು ಬೇಗ ಬೇಯುವುದಿಲ್ಲ. ಹುಣಿಸೆ, ನಿಂಬೆ ಮುಂತಾದ ಹುಳಿಯನ್ನು ಮೊದಲೇ ಹಾಕಿದರೂ ಹಾಗೆಯೇ ಆಗುವುದು. ಹುಳಿಯನ್ನು ಕಾಳು ಬೆಂದ ಮೇಲೆಯೇ ಸೇರಿಸಬೇಕು. ಎರಡು ಬೆರಳುಗಳ ನಡುವೆ ಒತ್ತಿದಾಗ ಕಾಳು ಗಟ್ಟಿಯಿಲ್ಲದೆ ಹಿಟ್ಟಾದರೆ ಬೆಂದಿತೆಂದು ತಿಳಿಯಬೇಕು. ಬೆಂದ ಕಾಳನ್ನು ಬಸಿದು ಬಂದ ಕಟ್ಟನ್ನು ಚೆಲ್ಲಬಾರದು. ಅದರಿಂದ ಅಂದಿನ ಬಸ್ಸಾರು ಆಗುವುದು.

ಬೇಕಾದ ಸಾಮಗ್ರಿಗಳು (12 ಬಿಲ್ಲೆಗಳಿಗೆ)

ಒಣ ಅಲಸಂದೆ 250 ಗ್ರಾಂ; ಬೇಯಿಸಿದ ಆಲೂಗೆಡ್ಡೆ 150 ಗ್ರಾಂ; ಹುರಿಗಡಲೆಯ ಹಿಟ್ಟು 60 ಗ್ರಾಂ; ರಾಗಿಯ ಹುರಿಹಿಟ್ಟು 40 ಗ್ರಾಂ; ಈರುಳ್ಳಿ ದೊಡ್ಡದು 1; ಗಜ್ಜರಿ 1; ಹಸಿಮೆಣಸಿನಕಾಯಿ 3; ಶುಂಠಿ ಒಂದು ಅಂಗುಲ; ಜೀರಿಗೆ 1 ಚಮಚ; ಕೊತ್ತಂಬರಿ ಅಥವಾ ಸಬ್ಬಸಿಗೆ ಸೊಪ್ಪು ಒಂದು ಹಿಡಿ; ನಿಂಬೆಹಣ್ಣು ಅರ್ಧ; ಉಪ್ಪು ರುಚಿಗೆ ತಕ್ಕಷ್ಟು; ಮೇಲೆ ಸವರಲು ಚಿರೋಟಿ ರವೆ; ಬೇಯಿಸಲು ಎಣ್ಣೆ.

ಅಲಸಂದೆಯಿಂದ ಸುಮಾರು 60 ಗ್ರಾಂ, ಹುರಿಗಡಲೆಯಿಂದ ಸುಮಾರು 12 ಗ್ರಾಂ ಸಸಾರಜನಕ ದೊರೆಯುವುದರಿಂದ, ಒಂದೊಂದು ಬಿಲ್ಲೆಗೆ ಸುಮಾರು 6 ಗ್ರಾಂ ಬಂದಂತಾಯಿತು. ಬನ್ನಿನದು ಇದಕ್ಕೆ ಹೊರತು.

ಮಾಡುವ ಕ್ರಮ

ಬಸಿದ ಕಾಳನ್ನು ಒಣಬಟ್ಟೆಯ ಮೇಲೆ ತೆಳ್ಳಗೆ ಹರಡಿ ಅರ್ಧ ಗಂಟೆ ಆರಲು ಬಿಡಬೇಕು. ಅನಂತರ ನಾಲ್ಕರಲ್ಲಿ ಮೂರು ಪಾಲನ್ನು ಮರದ ಸೌಟಿನ ಬೆನ್ನಿನಿಂದ ನುಣ್ಣಗೆ ಮಸೆದು, ಉಳಿದ ಪಾಲನ್ನು ತರಿತರಿಯಾಗಿ ಒತ್ತಿ ಬೆರೆಸಬೇಕು. ಈರುಳ್ಳಿಯನ್ನು ಸಣ್ಣಗೆ ಹೆಚ್ಚಿ, ಜೀರಿಗೆಯೊಡನೆ ಸ್ವಲ್ಪ ಎಣ್ಣೆಯಲ್ಲಿ ಕೆಂಪಗೆ ಹುರಿಯಬೇಕು. ಗಜ್ಜರಿಯನ್ನು ತುರಿದು ನೀರು ಹಿಂಡಬೇಕು. ಕಾಳು, ಆಲೂಗೆಡ್ಡೆ, ಈರುಳ್ಳಿ, ಗಜ್ಜರಿ, ಜಜ್ಜಿದ ಶುಂಠಿ ಮತ್ತು ಮೆಣಸಿನಕಾಯಿ, ಸೊಪ್ಪು, ಉಪ್ಪು, ನಿಂಬೆರಸ ಇವೆಲ್ಲವನ್ನೂ ಕಲಸಿ, ಕಡೆಯಲ್ಲಿ ಎರಡು ಬಗೆಯ ಹಿಟ್ಟುಗಳನ್ನೂ ಸ್ವಲ್ಪಸ್ವಲ್ಪವಾಗಿ ಸೇರಿಸಬೇಕು. ಉಂಡೆ ಕಟ್ಟಿದರೆ ಕೈಗೆ ಅಂಟದೆ, ಬಿರುಕೂ ಬಿಡದೆ ನಿಲ್ಲುವ ಹದವೇ ಸರಿಯಾದ ಹದ.

ಈ ಮಿಶ್ರಣವನ್ನು ಅರ್ಧ ಗಂಟೆ ತಂಪಾದ ಜಾಗದಲ್ಲಿ ಮುಚ್ಚಿಟ್ಟರೆ ಹಿಟ್ಟು ತೇವವನ್ನು ಹೀರಿ ಗಟ್ಟಿಯಾಗುತ್ತದೆ. ಅನಂತರ 12 ಪಾಲು ಮಾಡಿ, ಬೆರಳು ದಪ್ಪದ ಬಿಲ್ಲೆಗಳಾಗಿ, ಬನ್ನಿಗಿಂತ ಕೊಂಚ ಅಗಲವಾಗಿ ತಟ್ಟಿ, ಎರಡು ಕಡೆಗೂ ಚಿರೋಟಿ ರವೆಯನ್ನು ಸವರಬೇಕು. ಕಾವಲಿಯನ್ನು ಚೆನ್ನಾಗಿ ಕಾಯಿಸಿ, ಎಣ್ಣೆ ಹಾಕಿ, ಹದವಾದ ಉರಿಯಲ್ಲಿ ಒಂದೊಂದು ಕಡೆಯನ್ನು 4ರಿಂದ 5 ನಿಮಿಷ ಬೇಯಿಸಬೇಕು. ಅಡಿಯು ಹೊಂಬಣ್ಣಕ್ಕೆ ತಿರುಗಿ ತಾನಾಗಿ ಕಾವಲಿಯನ್ನು ಬಿಡುವವರೆಗೆ ಮಗುಚಕೂಡದು.

ಬನ್ನನ್ನು ಅಡ್ಡಲಾಗಿ ಸೀಳಿ, ಒಳಮೈಯನ್ನು ಅದೇ ಕಾವಲಿಯ ಮೇಲೆ ಬಿಸಿಮಾಡಿ, ಕೊತ್ತಂಬರಿ ಚಟ್ನಿಯನ್ನು ಸವರಿ, ಬಿಲ್ಲೆಯನ್ನಿಟ್ಟು, ಅದರ ಮೇಲೆ ಸೌತೆಕಾಯಿ, ಟೊಮೇಟೊ, ಈರುಳ್ಳಿಯ ಬಿಲ್ಲೆಗಳನ್ನು ಜೋಡಿಸಿ ಮುಚ್ಚಬೇಕು. ಬನ್ನು ದೊರೆಯದ ಊರುಗಳಲ್ಲಿ ಮೆತ್ತಗಿನ ರಾಗಿರೊಟ್ಟಿ ಅಥವಾ ಜೋಳದ ರೊಟ್ಟಿಯನ್ನು ಮಡಿಸಿ ನಡುವೆ ಇಡಬಹುದು. ಪುಷ್ಟಿಯಲ್ಲಿ ಇದು ಮೈದಾದ ಬನ್ನಿಗಿಂತ ಮೇಲೆಂದೇ ಹೇಳಬೇಕು. ನಿಂಬೆ, ಟೊಮೇಟೊಗಳ ಹುಳಿಯು ಕಾಳಿನಲ್ಲಿರುವ ಕಬ್ಬಿಣದ ಅಂಶವು ದೇಹಕ್ಕೆ ಹತ್ತಲು ಸಹಾಯಕ. ಊಟದೊಡನೆಯೇ ಕುಡಿಯುವ ಚಹವು ಅದಕ್ಕೆ ಅಡ್ಡಿ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಈ ಲೇಖನವನ್ನು ಬರೆಯುವ ಮುನ್ನ ಮನೆಯಲ್ಲಿ ಮಾಡಿನೋಡಲಾಗಿ, ಮೊದಲನೆಯ ಸಾರಿ ಬಿಲ್ಲೆಗಳು ಕಾವಲಿಯ ಮೇಲೆಯೇ ಒಡೆದು ಉಪ್ಪಿಟ್ಟಿನಂತಾದವು. ಕಾಳನ್ನು ಆರಲು ಬಿಡದೆ ಹಸಿಹಸಿಯಾಗಿ ಮಸೆದುದೇ ಅದಕ್ಕೆ ಕಾರಣ. ಅವಸರದಿಂದ ಮಗುಚಿದರೂ ಹೀಗೆಯೇ ಆಗುವುದು. ಒಡೆಯುವುದೆಂಬ ಭಯದಿಂದ ಹಿಟ್ಟನ್ನು ಹೆಚ್ಚಾಗಿ ಸುರಿದರೆ ಬಿಲ್ಲೆಯು ಗಂಟಲಿಗೆ ಅಡರುವಷ್ಟು ಗಟ್ಟಿಯಾಗುತ್ತದೆ. ಎಲ್ಲ ಕಾಳನ್ನೂ ನುಣ್ಣಗೆ ಮಾಡಿದರೆ ಅಗಿಯಲು ಏನೂ ಉಳಿಯದೆ ಅಂಟಿನಂತಾಗುತ್ತದೆ. ಉರಿ ಹೆಚ್ಚಾದರೆ ಹೊರಗೆ ಸೀದು ಒಳಗೆ ತಣ್ಣಗೇ ಉಳಿಯುತ್ತದೆ. ಬೆಂದ ಕಾಳು ಬೇಗ ಹಳಸುವ ಪದಾರ್ಥವಾದುದರಿಂದ, ಬಿಲ್ಲೆಗಳನ್ನು ಮಾಡಿದ ದಿನವೇ ತಿನ್ನತಕ್ಕದ್ದು. ಶೀತಪೆಟ್ಟಿಗೆಯಿದ್ದಲ್ಲಿ, ತಟ್ಟಿದ ಬಿಲ್ಲೆಗಳನ್ನು ಮುಚ್ಚಿ ಎರಡು ದಿನ ಇಡಬಹುದು.

ಗ್ರಾಮದ ಮುಖಂಡರಲ್ಲಿ ವಿಜ್ಞಾಪನೆ

ಹೊಸ ಪದ್ಧತಿಯು ಊರಿನಲ್ಲಿ ನೆಲೆಯೂರಬೇಕಾದರೆ ಮೊದಲು ಮುಖ್ಯಸ್ಥರ ಮನೆಯ ಒಲೆಯ ಮೇಲೆ ಏರಬೇಕು. ಒಂದು ಹಬ್ಬದ ಮಾರನೆಯ ದಿನವೋ, ಶಾಲೆಯ ಉತ್ಸವದಲ್ಲೋ ಇದನ್ನು ಮಾಡಿಸಿ ಹತ್ತು ಮಕ್ಕಳಿಗೆ ಕೊಟ್ಟುನೋಡುವುದು ಕಷ್ಟದ ಕೆಲಸವಲ್ಲ. ಹೆಂಗಸರ ಸ್ವಸಹಾಯ ಸಂಘದವರು ಸಂತೆ, ಜಾತ್ರೆಗಳಲ್ಲಿ ಮಾರುವ ಇಚ್ಛೆಯುಳ್ಳವರಾದರೆ, 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯಂತೆ ಮೊದಲು ನೋಂದಣಿ ಮಾಡಿಸಿಕೊಳ್ಳುವಂತೆ ಅವರಿಗೆ ತಿಳಿಸಿ ನೆರವಾಗಬೇಕು.

ಜಮೀನುದಾರರಲ್ಲಿ ಇನ್ನೊಂದು ಮಾತು. ಒಕ್ಕಣೆಯಾದೊಡನೆ ಕಾಳೆಲ್ಲವನ್ನೂ ಗಾಡಿಗೆ ತುಂಬುವ ಮೊದಲು, ಮನೆಯಲ್ಲಿರುವ ತಲೆಗಳನ್ನು ಎಣಿಸಿ, ವರ್ಷದ ಊಟಕ್ಕೆ ಬೇಕಾದಷ್ಟನ್ನು ಎತ್ತಿಡಬೇಕು. ಅದನ್ನು ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ, ಕಿಲೋಗ್ರಾಮಿಗೆ ಸುಮಾರು ಒಂದು ಚಿಕ್ಕ ಚಮಚದಂತೆ ಅಡಿಗೆಯ ಎಣ್ಣೆಯನ್ನು ಸವರಿ, ಗಾಳಿಯಾಡದ ಡಬ್ಬಿಯಲ್ಲಿ ತುಂಬಿಟ್ಟರೆ ಹುಳುವಿನ ಬಾಧೆ ಕಡಮೆಯಾಗುವುದು. ಒಳ್ಳೆಯದನ್ನು ಮಾರಿ ಕಳಪೆಯನ್ನು ಉಣ್ಣುವುದು ಲಾಭವೆಂದು ತೋರಿದರೂ, ಅದರ ನಷ್ಟವು ಮಕ್ಕಳ ಮೈಯಲ್ಲಿ ಕಾಣುವುದು. ರಾಗಿಯ ನಡುವೆ ಒಂದು ಅಕ್ಕಡಿ ಸಾಲನ್ನು ಬಿಡದೆ ಬಿತ್ತುವವನು ತನ್ನ ಭೂಮಿಯನ್ನು ಸಾಕಿದಂತೆಯೇ, ಆ ಸಾಲಿನ ಕಾಳನ್ನು ಮನೆಗೆ ಉಳಿಸಿಕೊಳ್ಳುವವನು ತನ್ನ ಮಕ್ಕಳನ್ನು ಸಾಕಿದಂತಾಗುವುದು.