ಹುಡುಕುವಾಗ ಹ್ಯಾಂಗ್ ಆದರೆ ಫಾರ್ಮ್ಯಾಟ್ ಮದ್ದಲ್ಲ

ಕಾಸರಗೋಡಿನ ಬಾಯಾರಿನಂಥ ಊರಿನ ಕಚೇರಿಯಲ್ಲಿ ಸರ್ವರ್‌ನೊಳಗಿನ ಹಳೆಯ ಕಡತವೊಂದನ್ನು ಹುಡುಕುತ್ತಿದ್ದಾಗ ಪರದೆ ಮಂಕಾಗಿ ನಿಂತಿತೆನ್ನಿ. ಪಕ್ಕದವರ ತೀರ್ಪು ಕೂಡಲೇ ಬರುತ್ತದೆ: "ವೈರಸ್ ಬಂದಿದೆ, ಫಾರ್ಮ್ಯಾಟ್ ಮಾಡಿಸಿ." ಈ ಮಾತು ನಂಬಿ ಸರಿಯಾಗಿದ್ದ ಯಂತ್ರವನ್ನೂ ಅಳಿಸಿಬಿಡುತ್ತಾರೆ. ಹ್ಯಾಂಗ್ ಮಾತ್ರ ಮರುದಿನವೂ ಹಾಗೇ ಇರುತ್ತದೆ.

ವೈರಸ್ಸಿನ ಭಯಕ್ಕೆ ಕಾರಣ ಇಲ್ಲದಿಲ್ಲ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ಕುತಂತ್ರಾಂಶದ ದಾಳಿ ವಯನಾಡಿನ ತರಿಯೋಡ್ ಪಂಚಾಯತ್ ಕಚೇರಿಯವರೆಗೂ ಬಂದಿತ್ತು. ಕಡತ ಹಂಚಿಕೊಳ್ಳುವ ಎಸ್‌ಎಂಬಿ ಎಂಬ ವ್ಯವಸ್ಥೆಯ ಹಳೆಯ ಆವೃತ್ತಿಯ ದೋಷವೇ ಅದರ ದಾರಿ. ಆದರೆ ಅದು ಕಡತಗಳಿಗೆ ಬೀಗ ಹಾಕಿ ಹಣ ಕೇಳುತ್ತಿತ್ತು. ಹುಡುಕುವಾಗ ಮಾತ್ರ ನಿಂತು, ಉಳಿದ ಹೊತ್ತು ಚೆನ್ನಾಗಿ ನಡೆಯುವ ಯಂತ್ರದ ಕಥೆ ಬೇರೆ: ಅದು ಉತ್ತರಕ್ಕಾಗಿ ಕಾಯುತ್ತಿದೆ. ಕೇರಳದ ಶಾಲೆಗಳಲ್ಲಿ ಸರ್ಕಾರಿ ಸಂಸ್ಥೆ ಕೈಟ್ ಕೊಟ್ಟಿರುವ ಉಬುಂಟು ಆಧಾರಿತ ವ್ಯವಸ್ಥೆಯಲ್ಲೂ ಸರ್ವರ್ ಮೌನವಾದರೆ ಕಿಟಕಿ ಹೀಗೆಯೇ ನಿಲ್ಲಬಹುದು. ಅಲ್ಲಿ ವಿಂಡೋಸ್ ವೈರಸ್ಸನ್ನು ದೂರುವಂತಿಲ್ಲ.

ನಮ್ಮದೇ ಡಿಸ್ಕಿನಲ್ಲಿ ಹುಡುಕುವಾಗ ವಿಂಡೋಸ್ ಮೊದಲೇ ಮಾಡಿಟ್ಟ ಸೂಚಿಯನ್ನು ನೋಡುತ್ತದೆ. ಸರ್ವರ್‌ನ ಕಡೆ ಅಂಥ ಸೂಚಿ ಇಲ್ಲದಿದ್ದರೆ ಒಂದೊಂದೇ ಫೋಲ್ಡರ್ ತೆರೆಸಿ ಕೇಳಬೇಕು. ಒಂದು ಪ್ರಶ್ನೆಗೆ 20 ಮಿಲಿಸೆಕೆಂಡ್ ಹಿಡಿದರೂ 10,000 ಫೋಲ್ಡರ್‌ಗಳಿಗೆ 200 ಸೆಕೆಂಡ್ ಬೇಕು. ಕಡತದ ಒಳಗಿನ ಪದ ಹುಡುಕಿದರಂತೂ ಇಡೀ ಕಡತಗಳೇ ಕೇಬಲ್ಲಿನಲ್ಲಿ ಹರಿದು ಬರಬೇಕು. ಅಷ್ಟರಲ್ಲಿ, ಕಿಟಕಿ 5 ಸೆಕೆಂಡ್ ಓಗೊಡದಿದ್ದರೆ ಸಾಕು, ವಿಂಡೋಸ್ "ನಾಟ್ ರೆಸ್ಪಾಂಡಿಂಗ್" ಎಂದು ಬರೆದುಬಿಡುತ್ತದೆ. ಯಂತ್ರ ಸತ್ತಿದೆ ಎಂದು ಅದರ ಅರ್ಥವಲ್ಲ. ಪವರ್ ಗುಂಡಿ ಒತ್ತುವ ಮುನ್ನ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿ. ಸಿಪಿಯು, ಡಿಸ್ಕ್ ಎರಡೂ ಸುಮ್ಮನಿದ್ದರೆ ದೋಷ ಇರುವುದು ಹೆಚ್ಚಾಗಿ ಸರ್ವರ್‌ನ ತುದಿಯಲ್ಲಿ ಅಥವಾ ದಾರಿಯಲ್ಲಿ. ಈ ಒಂದು ನೋಟ ಎಷ್ಟೋ ಫಾರ್ಮ್ಯಾಟ್‌ಗಳನ್ನು ತಪ್ಪಿಸುತ್ತದೆ.

ಇಂಟರ್‌ನೆಟ್ ಪ್ಲಾನ್ ಏರಿಸಿದರೆ ಸರಿಹೋಗುತ್ತದೆ ಎನ್ನುವವರೂ ಇದ್ದಾರೆ. ಸರ್ವರ್ ಅದೇ ಕಟ್ಟಡದಲ್ಲಿದ್ದರೆ ಆ ಹಣ ದಂಡ. ನೋಡಬೇಕಾದದ್ದು ನೆಟ್‌ವರ್ಕ್ ಸ್ವಿಚ್ ಮತ್ತು ಕೇಬಲ್. ಗಿಗಾಬಿಟ್ ವೇಗಕ್ಕೆ ಕೇಬಲ್ಲಿನ ನಾಲ್ಕೂ ಜೋಡಿ ತಂತಿ ಬೇಕು. ಇಲಿ ಕಡಿದು ಒಂದು ಜೋಡಿ ಹೋದರೆ ವೇಗ 100 ಮೆಗಾಬಿಟ್‌ಗೆ ಇಳಿಯಬಹುದು. ನಮ್ಮ ಕಡೆಯ ಸಿಡಿಲು ಸ್ವಿಚ್ಚಿನ ಪೋರ್ಟನ್ನೂ ಬಿಡುವುದಿಲ್ಲ, ಆದ್ದರಿಂದ ಬೇರೆ ಪೋರ್ಟಿಗೆ ಚುಚ್ಚಿ ನೋಡಿ. ಎಂದೋ ತೆಗೆದುಹಾಕಿದ ಸರ್ವರ್‌ನ ಡ್ರೈವ್ ಅಕ್ಷರ ಇನ್ನೂ ಉಳಿದಿದ್ದರೆ ಅದನ್ನು ಕಳಚಿ. ಇಲ್ಲದ ಸರ್ವರ್‌ಗಾಗಿ ವಿಂಡೋಸ್ ಪ್ರತಿ ಸಲ ಕಾದು ಕೂರುತ್ತದೆ.

ಕನ್ನಡ ಕಡತಗಳಿಗೆ ಇನ್ನೊಂದು ತೊಡಕಿದೆ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪಿಸಿದ್ದು ಪರದೆಯಲ್ಲಷ್ಟೇ ಕನ್ನಡ, ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಅದರಲ್ಲಿ ಈಗಿನ ಯೂನಿಕೋಡ್ ಸಂಕೇತದಲ್ಲಿ ಟೈಪಿಸಿದ ಪದ ಹುಡುಕಿದರೆ ಎಲ್ಲ ಕಡತಗಳನ್ನು ಜಾಲಾಡಿದ ಮೇಲೂ ಫಲಿತಾಂಶ ಖಾಲಿ. ಅಂಥವಕ್ಕೆ ವರ್ಷ, ವಿಷಯ ಸೇರಿಸಿ ಹೆಸರಿಟ್ಟು, ಹೆಸರಿನಿಂದಲೇ ಹುಡುಕಬೇಕು. ಪದೇಪದೇ ಬೇಕಾಗುವವನ್ನು ಯೂನಿಕೋಡಿಗೆ ಪರಿವರ್ತಿಸಿ ಇಡಬೇಕು.