ಬಾನುಲಿ ಕೇಳುಗರನ್ನು ಎಣಿಸುವುದು ಹೇಗೆ?

ಭತ್ತಕ್ಕೆ ಬೆಂಕಿರೋಗ ತಗಲುವಂತಹ ಹವೆ ಇದ್ದಾಗ ಬಾನುಲಿಯಲ್ಲಿ ಎಚ್ಚರಿಕೆ ಪ್ರಸಾರವಾಗುತ್ತದೆ. ಅದು ಹಳಿಯಾಳ, ಮುಂಡಗೋಡಗಳ ಎಷ್ಟು ಮನೆಗಳಿಗೆ ಮುಟ್ಟಿತು? ಅಂಗಡಿಕಾರನು ಸಂಜೆ ಗಲ್ಲೆ ಎಣಿಸಿದರೆ ದಿನದ ವ್ಯಾಪಾರ ತಿಳಿಯುತ್ತದೆ. ಹಾಲಿನ ಸಂಘದಲ್ಲಿ ಲೀಟರಿನ ಲೆಕ್ಕವಿದೆ. ಬಾನುಲಿಗೆ ಮಾತ್ರ ಅಂತಹ ಗಲ್ಲೆಯೂ ಇಲ್ಲ, ಅಳತೆಯೂ ಇಲ್ಲ. ಧ್ವನಿ ಹೊರಗೆ ಹೋಗುತ್ತದೆ, ತಿರುಗಿ ಏನೂ ಬರುವುದಿಲ್ಲ. ಆದರೂ ರೈತರ ಕಾರ್ಯಕ್ರಮ ಯಾವ ಹೊತ್ತಿಗಿರಬೇಕು, ಯಾವ ಭಾಷೆಯಲ್ಲಿರಬೇಕು, ಮುಂದುವರಿಯಬೇಕೋ ಬೇಡವೋ ಎಂಬ ತೀರ್ಮಾನಗಳೆಲ್ಲ ಕೇಳುಗರ ಲೆಕ್ಕದ ಮೇಲೆಯೇ ನಿಲ್ಲುತ್ತವೆ. ಲೆಕ್ಕ ತಪ್ಪಿದರೆ ನಷ್ಟ ರೈತನಿಗೆ.

ಧಾರವಾಡ ಆಕಾಶವಾಣಿ ಕೇಂದ್ರ 1950ರಲ್ಲಿ ಆರಂಭವಾಯಿತು. ಆಗ ಪ್ರತಿ ರೇಡಿಯೋಕ್ಕೂ ಪರವಾನಗಿ ಬೇಕಿತ್ತು. ಪರವಾನಗಿಗಳನ್ನು ಕೂಡಿಸಿದರೆ ಪೆಟ್ಟಿಗೆಗಳ ಸಂಖ್ಯೆ ಸಿಗುತ್ತಿತ್ತೇ ಹೊರತು ಕೇಳುವವರ ಸಂಖ್ಯೆಯಲ್ಲ. ಚಹಾ ಅಂಗಡಿಯ ಒಂದು ಪೆಟ್ಟಿಗೆಗೆ ಹತ್ತು ಜನ ಕಿವಿಗೊಡುತ್ತಿದ್ದರು. ಇನ್ನೊಬ್ಬರ ಮನೆಯ ಪೆಟ್ಟಿಗೆ ಸೆಲ್ ಇಲ್ಲದೆ ಮಾಡದಲ್ಲಿ ಸುಮ್ಮನೆ ಕುಳಿತಿರುತ್ತಿತ್ತು. 1980ರ ದಶಕದ ನಡುವೆ ಪರವಾನಗಿಯೇ ರದ್ದಾಗಿ ಆ ಲೆಕ್ಕವೂ ಹೋಯಿತು. ಕೇಂದ್ರಕ್ಕೆ ಬರುವ ಪತ್ರಗಳನ್ನು ಎಣಿಸುವ ರೂಢಿಯೂ ಉಂಟು. ನೂರು ಪತ್ರ ಬಂದರೆ ನೂರು ಪತ್ರ ಬಂದವು ಎಂದಷ್ಟೇ ಅರ್ಥ. ಬರೆಯಲು ಬಾರದವರು, ಬರೆಯುವ ಉತ್ಸಾಹವಿಲ್ಲದವರು ಅದರಲ್ಲಿ ಸೇರುವುದಿಲ್ಲ.

ಮಣ್ಣಿನ ಮಾದರಿಯಂತೆಯೇ

ಎಲ್ಲರನ್ನೂ ಕೇಳುವುದು ಆಗದ ಕೆಲಸ. ಆದ್ದರಿಂದ ಕೆಲವರನ್ನು ಆರಿಸಿ ಕೇಳಲಾಗುತ್ತದೆ. ಮಣ್ಣು ಪರೀಕ್ಷೆಗೆ ಮಾದರಿ ತೆಗೆದ ರೈತರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಬದುವಿನ ಪಕ್ಕ, ಮರದ ಕೆಳಗೆ, ಗೊಬ್ಬರದ ಗುಂಡಿಯ ಹತ್ತಿರ ಮಣ್ಣು ತೆಗೆಯಬಾರದು. ಹೊಲದ ತುಂಬ ಅಂಕುಡೊಂಕಾಗಿ ನಡೆದು ಹಲವು ಕಡೆ ತೆಗೆದು ಬೆರೆಸಬೇಕು. ಬಸ್ ನಿಲ್ದಾಣದಲ್ಲಿ ಸಿಕ್ಕವರನ್ನು, ಸಂಘದ ಕಚೇರಿಗೆ ಬಂದವರನ್ನು ಮಾತ್ರ ಕೇಳಿ ಬರುವುದು ಗೊಬ್ಬರದ ಗುಂಡಿಯ ಪಕ್ಕದ ಮಣ್ಣು ತಂದ ಹಾಗೆ.

ಎಷ್ಟು ಜನರನ್ನು ಕೇಳಬೇಕು? ಸರಿಯಾಗಿ ಆರಿಸಿದ 400 ಜನರ ಉತ್ತರದಲ್ಲಿ ಸುಮಾರು ಶೇಕಡಾ 5ರಷ್ಟು, 100 ಜನರಾದರೆ ಶೇಕಡಾ 10ರಷ್ಟು ಹೆಚ್ಚುಕಡಿಮೆ ಆಗಬಹುದು. ತಾಲೂಕು ದೊಡ್ಡದಿರಲಿ, ಜಿಲ್ಲೆ ದೊಡ್ಡದಿರಲಿ, ಈ ಅಂದಾಜು ಹೆಚ್ಚು ಬದಲಾಗುವುದಿಲ್ಲ. ಇಲ್ಲಿಯೇ ಜೋಯಿಡಾಕ್ಕೆ ಅನ್ಯಾಯವಾಗುವ ಸಂಭವವಿದೆ. ಅಲ್ಲಿ ಕಾಡು ಹೆಚ್ಚು, ಜನ ವಿರಳ. ನಾಲ್ಕೂ ಕಡೆಗಳ 400 ಜನರನ್ನು ಜನಸಂಖ್ಯೆಗೆ ತಕ್ಕಂತೆ ಹಂಚಿದರೆ ಜೋಯಿಡಾದ ಪಾಲು ಚಿಕ್ಕದಾಗುತ್ತದೆ. ಐವತ್ತೇ ಜನರನ್ನು ಕೇಳಿದರೆ ಶೇಕಡಾ 14ರಷ್ಟು ತಪ್ಪಾಗಬಹುದು. ಅಷ್ಟರ ಮೇಲೆ "ಅಲ್ಲಿ ಯಾರೂ ಕೇಳುವುದಿಲ್ಲ" ಎಂದು ಬರೆದುಬಿಡುವುದು ಸುಲಭ. ಅಂತಹ ಕಡೆ ಬೇಕೆಂದೇ ಹೆಚ್ಚು ಮನೆಗಳನ್ನು ಆರಿಸಿ, ಒಟ್ಟು ಲೆಕ್ಕ ಹಾಕುವಾಗ ಅವುಗಳ ತೂಕವನ್ನು ಜನಸಂಖ್ಯೆಗೆ ತಕ್ಕಂತೆ ಇಳಿಸಬೇಕು.

ಕೇಳದಿರುವುದಕ್ಕೂ ಧ್ವನಿ ತಲುಪದಿರುವುದಕ್ಕೂ ವ್ಯತ್ಯಾಸವಿದೆ. ಮಧ್ಯಮ ತರಂಗ ನೆಲದ ಮೇಲೆ ಹರಿದು ದೂರ ಹೋಗುತ್ತದೆ, ಎಫ್.ಎಂ. ಅಲೆ ಹೆಚ್ಚುಕಡಿಮೆ ನೇರವಾಗಿ ಸಾಗುವುದರಿಂದ ಘಟ್ಟದ ಗುಡ್ಡ ಅಡ್ಡ ಬಂದರೆ ಅದರ ಹಿಂದಿನ ಊರಿಗೆ ಸಿಗುವುದಿಲ್ಲ. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ 2007ರಲ್ಲಿ ಆರಂಭವಾದ ಸಮುದಾಯ ಬಾನುಲಿಯದು ಸಣ್ಣ ಶಕ್ತಿಯ ಪ್ರಸಾರ. ಅಂತಹ ಕೇಂದ್ರಗಳ ಧ್ವನಿ ಹತ್ತು ಹನ್ನೆರಡು ಕಿಲೋಮೀಟರಿನಾಚೆ ಸರಿಯಾಗಿ ಕೇಳಿಸುವುದಿಲ್ಲವಾದ್ದರಿಂದ ಹಳಿಯಾಳದವರು ಅದನ್ನು ಕೇಳಲಿಲ್ಲವೆಂದು ದೂರುವಂತಿಲ್ಲ.

ಕೇಳುವ ಪ್ರಶ್ನೆ

"ನೀವು ರೈತರ ಕಾರ್ಯಕ್ರಮ ಕೇಳುತ್ತೀರಾ?" ಎಂದರೆ ಬಹಳ ಮಂದಿ "ಹೌದ್ರಿ" ಎನ್ನುತ್ತಾರೆ. ಮನೆಗೆ ಬಂದ ಅಧಿಕಾರಿಯ ಮನಸ್ಸು ನೋಯಿಸಬಾರದೆಂಬ ಸೌಜನ್ಯ ಅದು. "ನಿನ್ನೆ ಸಂಜೆ ರೇಡಿಯೋ ಹಚ್ಚಿದ್ದಿರಾ? ಯಾವ ಹೊತ್ತಿಗೆ? ಏನು ಬರುತ್ತಿತ್ತು?" ಎಂದು ಕೇಳಿದರೆ ಉತ್ತರ ಬೇರೆಯಾಗುತ್ತದೆ. ನಿನ್ನೆಯದನ್ನು ಮಾತ್ರ ಕೇಳುವ ಈ ಪದ್ಧತಿ ಹಲವು ದೇಶಗಳಲ್ಲಿ ಬಳಕೆಯಲ್ಲಿದೆ. ಉತ್ತರಿಸುವವರು ಯಾರೆಂಬುದೂ ಮುಖ್ಯ. ಯಜಮಾನರೇ ಮನೆಯವರೆಲ್ಲರ ಪರವಾಗಿ ಮಾತಾಡಿದರೆ, ಅಡಿಗೆ ಮಾಡುತ್ತ ಕೇಳುವ ಹೆಣ್ಣುಮಕ್ಕಳು ಲೆಕ್ಕದಿಂದ ಹೊರಗುಳಿಯುತ್ತಾರೆ. ನಾಟಿಯಿಂದ ಕೊಯ್ಲಿನವರೆಗೆ ದುಡಿಯುವವರಲ್ಲಿ ಅವರ ಪಾಲು ಸಣ್ಣದೇನಲ್ಲ. ದಾಂಡೇಲಿಯ ಕಾಗದ ಕಾರ್ಖಾನೆಯ ಪಾಳಿ ಕೆಲಸಗಾರರನ್ನು ಹಗಲಿನಲ್ಲೊಮ್ಮೆ ಹುಡುಕಿ "ಮನೆಯಲ್ಲಿಲ್ಲ" ಎಂದು ಬಿಟ್ಟರೂ ಇದೇ ತಪ್ಪು.

ವಾರದ ದಿನಚರಿ ಪುಸ್ತಕ ಕೊಟ್ಟು ಕೇಳಿದ್ದನ್ನು ಬರೆದಿಡಲು ಹೇಳುವುದು ಇನ್ನೊಂದು ವಿಧಾನ. 2007ರಲ್ಲಿ ಬೆಂಗಳೂರು ಸೇರಿ ಕೆಲವು ಮಹಾನಗರಗಳಲ್ಲಿ ಜಾಹೀರಾತುದಾರರಿಗಾಗಿ ಇದನ್ನು ಆರಂಭಿಸಲಾಯಿತು. ಪ್ರಸಾರದಲ್ಲಿ ಅಡಗಿಸಿದ, ಕಿವಿಗೆ ತಿಳಿಯದ ಗುರುತನ್ನು ಹಿಡಿಯುವ ಮೀಟರುಗಳು ಅಮೆರಿಕದಲ್ಲಿ ಬಳಕೆಗೆ ಬಂದಿವೆ. ಹಳ್ಳಿಗಾಡಿಗೆ ಇವೆರಡೂ ದೂರದ ಮಾತು.

ಕೇಳಿದರೆ ಸಾಕೇ? 1956ರಲ್ಲಿ ಯುನೆಸ್ಕೋ ನೆರವಿನಿಂದ ಆಗಿನ ಮುಂಬಯಿ ರಾಜ್ಯದ ಐದು ಮರಾಠಿ ಜಿಲ್ಲೆಗಳಲ್ಲಿ ನಡೆದ ಪ್ರಯೋಗ ಈ ಪ್ರಶ್ನೆಯನ್ನು ಪರೀಕ್ಷಿಸಿತು. ಉತ್ತರ ಕನ್ನಡವೂ ಆಗ ಅದೇ ರಾಜ್ಯದಲ್ಲಿತ್ತು, ಆದರೆ ಪ್ರಯೋಗದಲ್ಲಿರಲಿಲ್ಲ. ಸುಮಾರು 150 ಹಳ್ಳಿಗಳಲ್ಲಿ ರೈತರು ಕೂಟ ಕಟ್ಟಿ, ವಾರಕ್ಕೆರಡು ಸಲ ಒಟ್ಟಿಗೆ ಕುಳಿತು ಕೇಳಿ, ಚರ್ಚಿಸಿ, ತಮ್ಮ ಪ್ರಶ್ನೆಗಳನ್ನು ಕೇಂದ್ರಕ್ಕೆ ಕಳಿಸಿದರು. ಪೌಲ್ ನ್ಯೂರಾಥ್ ಎಂಬ ಸಮಾಜಶಾಸ್ತ್ರಜ್ಞರು ಕೂಟವಿದ್ದ ಹಳ್ಳಿ, ರೇಡಿಯೋ ಮಾತ್ರ ಇದ್ದ ಹಳ್ಳಿ, ಎರಡೂ ಇಲ್ಲದ ಹಳ್ಳಿಗಳಲ್ಲಿ ಪ್ರಸಾರಕ್ಕೆ ಮೊದಲು ಮತ್ತು ಅನಂತರ ಒಂದೇ ಪ್ರಶ್ನೆಗಳನ್ನು ಕೇಳಿ ತಾಳೆ ನೋಡಿದರು. ಕೂಟದ ಹಳ್ಳಿಗಳಲ್ಲಿ ತಿಳುವಳಿಕೆ ಬಹಳ ಹೆಚ್ಚಿತ್ತು. ರೇಡಿಯೋ ಮಾತ್ರ ಇದ್ದಲ್ಲಿ ಹೆಚ್ಚಳ ಅಲ್ಪ. ಈ ಫಲದ ಮೇಲೆಯೇ 1959ರಲ್ಲಿ ಕೂಟಗಳನ್ನು ದೇಶಕ್ಕೆಲ್ಲ ಹಬ್ಬಿಸಲಾಯಿತು.

ಗ್ರಾಮಮಟ್ಟದ ಕಾರ್ಯಕರ್ತರು ಇದೇ ರೀತಿಯನ್ನು ಸಣ್ಣದಾಗಿ ಅನುಸರಿಸಬಹುದು. ಪ್ರಸಾರವಾದ ಮರುದಿನವೇ ಆರಿಸಿದ ಮನೆಗಳಿಗೆ ಹೋಗಿ, ಔಷಧದ ಹೆಸರು, ಪ್ರಮಾಣ, ಹೊಡೆಯುವ ಹೊತ್ತು ಇವನ್ನು ಕೇಳುಗರ ಬಾಯಿಂದಲೇ ಹೇಳಿಸಬೇಕು. ಜೋಯಿಡಾದ ಕುಣಬಿ ಮನೆಗಳಲ್ಲಿ ಕೊಂಕಣಿಯಲ್ಲಿ ಕೇಳಬೇಕು; ಅಲ್ಲಿಯವರು ಪಣಜಿ ಕೇಂದ್ರ ಹಚ್ಚಿಕೊಂಡಿದ್ದರೆ ಅದನ್ನೂ ಬರೆದುಕೊಳ್ಳಬೇಕು. ಮುಂಡಗೋಡದಲ್ಲಿ 1966ರಿಂದ ನೆಲೆಸಿರುವ ಟಿಬೆಟನ್ನರ ವಸತಿಗಳಿಗೆ ಅವರ ಭಾಷೆ ಬಲ್ಲವರೊಬ್ಬರು ಜೊತೆಗಿರಬೇಕು. ಮಳೆಗಾಲದಲ್ಲಿ ಒಮ್ಮೆ, ಸುಗ್ಗಿ ಮುಗಿದ ಮೇಲೆ ಇನ್ನೊಮ್ಮೆ ವಿಚಾರಿಸಿ, ಎರಡರ ಅಂಕೆಗಳನ್ನು ಬೆರೆಸದೆ ಬೇರೆಬೇರೆಯಾಗಿಯೇ ಇಡಬೇಕು.